ಉಳವಿಯವರು ಕೇಳ್ತಾರೆ

ಅಲ್ಲ ಶೃತಿ, ಜಗಳ ಆಡೋಕೆ ಬಂದಿಲ್ಲ ನಾನು. ಇವತ್ತೇ ಬಟ್ಟೆ ತುಂಬ್ಕೋ, ಸೊರಬಕ್ಕೆ ಹೋಗೋಣ ಅಂತಾನೂ ಹೇಳ್ತಿಲ್ಲ. ಸ್ವಲ್ಪ ಹೊತ್ತು ಕೂತು ಮಾತಾಡಿ ಹೋಗೋಣ ಅಂತ ಬಂದೆ. ಗಂಡ ಅನ್ನೋನು ಹೆಂಡ್ತಿ ತವರಿಗೆ ಬರಬಾರದಾ?

ಅತ್ತೆ ಬೇಕು ಅಂತಾನೇ ಹುಚ್ಚರಾಯನ ಗುಡಿಗೆ ಎದ್ದು ಹೋದ್ರು, ನಂಗೆ ಗೊತ್ತಾಯ್ತು. ಹೋಗ್ತಾ ಬಾಗಿಲ ಹತ್ರ ಕರೆದು ಮೆಲ್ಲಗೆ ಹೇಳಿದ್ರು. "ನಮ್ಮ ಹತ್ರಾನೂ ಮಾತಿಲ್ಲ ನೋಡ್ರೀ, ಬಂದಾಗಿಂದ. ಉಣ್ಣು ಅಂದ್ರೆ ಉಣ್ತಾಳೆ, ಮಲ್ಕೋ ಅಂದ್ರೆ ಮಲಗ್ತಾಳೆ. ಏನಾತು ನಿಮ್ಮಿಬ್ರಿಗೆ?" ಅಂತ. ಏನೂ ಇಲ್ಲ ಅತ್ತೆ ಅಂದೆ. ಮಾವ ಅಷ್ಟೂ ಕೇಳ್ಲಿಲ್ಲ. ಅಂಗಡೀಲಿ ಸ್ಟೀಲು ಬಿಂದಿಗೆ ಒರೆಸ್ತಾ ಇದ್ರು, ಈಗ ಬಂದ್ರಾ ಅಂದ್ರು, ಮತ್ತೆ ಬಿಂದಿಗೆ ಒರೆಸೋಕೆ ಶುರು ಮಾಡಿದ್ರು.

ಯಾಕೆ ಹಾಗೆ ನೋಡ್ತೀಯ? ಏನೂ ಇಲ್ಲ ಅಂದಿದ್ದು ತಪ್ಪಾ? ಮತ್ತೇನು ಹೇಳಬೇಕಿತ್ತು ಅವರಿಗೆ…

ಸರಿ, ನೀನು ಸೊಪ್ಪು ಸೋಸು. ನಾನು ಹೇಳ್ತೀನಿ, ನೀನು ಕೇಳು ಸಾಕು.

ಒಂದು ಒಳ್ಳೇ ಸುದ್ದಿ ಇದೆ. ನಮ್ಮ ನೆಮ್ಮದಿ ಕೂಟದ್ದು ಪರೀಕ್ಷೆ ನಡೀತಿತ್ತಲ್ಲ, ಮುಗೀತು. ಬೆಂಗಳೂರಿಂದ ಧನ್ಯಾ ಅಂತ ಒಬ್ಬ ಹುಡುಗಿ ಬರ್ತಿದ್ಲು, ನೀನು ನೋಡಿಲ್ಲ. ಯೂನಿವರ್ಸಿಟಿಯವಳು. ನಮ್ಮ ಕೂಟ ನಡೆಯೋ ಹಳ್ಳಿಗೆ, ನಡೆಯದೇ ಇರೋ ಹಳ್ಳಿಗೆ, ಎರಡಕ್ಕೂ ಹೋಗಿ ಜನರನ್ನ ಮಾತಾಡಿಸಿ ಬರ್ತಿದ್ಲು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಬೆಳಿಗ್ಗೆ ಏಳೋಕೆ ಮನಸ್ಸಾಗುತ್ತಾ, ಹಿಂಗೆಲ್ಲ ಕೇಳಿ. ಮೊನ್ನೆ ಸೊರಬದ ಆಫೀಸಲ್ಲಿ ಎಲ್ಲರನ್ನೂ ಕೂರಿಸಿ ಫಲಿತಾಂಶ ಹೇಳಿದ್ಲು.

ನಿನಗೆ ಈ ಕೆಲಸ ಮೊದಲಿಂದಾನೂ ಇಷ್ಟ ಇಲ್ಲ, ಗೊತ್ತು. ನಾನು ಸ್ಕೂಲು ಬಿಟ್ಟೆ ಅಂದಾಗ ನೀನೇನೂ ಅನ್ಲಿಲ್ಲ. ಮಗು ಹೋದಮೇಲೆ ಆ ಚಿಕ್ಕ ಮಕ್ಕಳ ಮುಂದೆ ನಿಂತು ಪಾಠ ಮಾಡೋಕೆ ನನ್ನ ಕೈಲಿ ಆಗ್ತಿಲ್ಲ ಅಂತ ನಿನಗೆ ಹೇಳದೇನೇ ಗೊತ್ತಿತ್ತು. ಆದ್ರೆ ಈ ಕೂಟ ನಡೆಸೋ ಟ್ರಸ್ಟ್ ಸೇರ್ತೀನಿ ಅಂದಾಗ ನೀನು ಕೇಳಿದೆ, "ಏನ್ರೀ ಆ ಕೆಲ್ಸ?" ಅಂತ. ನಾನು ಟ್ರೇನಿಂಗಲ್ಲಿ ಹೇಳ್ಕೊಟ್ಟಿದ್ದನ್ನೇ ಒಪ್ಪಿಸಿದೆ. ಮನಸ್ಸು ಕೆಟ್ಟ ಮೇಲೆ ಡಾಕ್ಟ್ರ ಹತ್ರ ಓಡೋ ಬದಲು ಕೆಡೋಕೆ ಮುಂಚೇನೇ ಗಟ್ಟಿ ಮಾಡೋದು. ವಾರಕ್ಕೊಂದು ಸಲ ಹಳ್ಳೀಲಿ ಜನ ಸೇರ್ತಾರೆ, ಆ ವಾರ ಆದ ಮೂರು ಒಳ್ಳೇದು ಹೇಳ್ತಾರೆ, ಯಾರಿಂದ ಉಪಕಾರ ಆಗಿದೆಯೋ ಅವರನ್ನ ನೆನೀತಾರೆ, ಹಾಡು ಗೀಡು, ಟೀ. ಅಷ್ಟೇ. ನೀನು ನಕ್ಕಿದ್ದೆ ಆಗ. ಮಗು ಹೋದಮೇಲೆ ನೀನು ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ. ಅದನ್ನ ನಗು ಅನ್ನೋಕಾಗುತ್ತೋ ಇಲ್ವೋ.

ಆಮೇಲೆ ಒಂದಿನ ಬೆಳಿಗ್ಗೆ ನಿನ್ನ ಮೇಲೂ ಪ್ರಯೋಗ ಮಾಡೋಕೆ ಬಂದೆ ನಾನು, ನೆನಪಿದೆಯಾ? ಮೂರು ಒಳ್ಳೇದು ಹೇಳು ಶೃತಿ ಅಂದೆ. "ಒಂದೂ ಇಲ್ಲ ರೀ" ಅಂದೆ ನೀನು. ಪ್ರಯತ್ನ ಮಾಡು, ಚಿಕ್ಕದಾದ್ರೂ ಪರವಾಗಿಲ್ಲ ಅಂದೆ. ನೀನು ಒಲೆ ಆರಿಸಿ ಹಿತ್ತಲಿಗೆ ಹೋಗಿಬಿಟ್ಟೆ. ಹಾಲು ಅರ್ಧ ಕಾಯ್ದು ಹಾಗೇ ಇತ್ತು.

ಇರ್ಲಿ. ಆ ಫಲಿತಾಂಶದ ವಿಷಯ ಹೇಳ್ತಿದ್ದೆ.

ಅವಳು ನೋಡ್ತಿದ್ದದ್ದು ಬರೀ ಜನ ಸುಧಾರಿಸಿದ್ರಾ ಅಂತ ಅಲ್ಲ. ಹಾಕಿದ ಖರ್ಚಿಗೆ ತಕ್ಕ ಫಲ ಬಂತಾ ಅಂತ. ಈ ಕಡೆ ನಮ್ಮ ಸಂಬಳ, ಬಸ್ ಚಾರ್ಜು, ಟೀ ಬಿಸ್ಕೆಟ್ಟು, ಪುಸ್ತಕ ಅಚ್ಚು ಹಾಕ್ಸಿದ್ದು. ಆ ಕಡೆ ಜನರಿಗೆ ಉಳಿದಿದ್ದು. ನಿದ್ದೆ ಮಾತ್ರೆ, ಶಿವಮೊಗ್ಗಕ್ಕೆ ಆಸ್ಪತ್ರೆ ಓಡಾಟ, ಮನಸ್ಸು ಸರಿ ಇಲ್ಲ ಅಂತ ತಪ್ಪಿಹೋದ ಕೂಲಿ. ಎರಡನ್ನೂ ತಕ್ಕಡೀಲಿ ಇಟ್ಟು ತೂಗ್ತಾರೆ. ಹಂಗೆ ತೂಗಿದ್ರೆ ನಮ್ಮದು ಸೋತಿತ್ತು ಶೃತಿ. ಬೇರೆಯವರು ನಡೆಸಿದ ಹಳ್ಳೀಲೆಲ್ಲ ಮೊದಮೊದಲು ಜನ ಖುಷಿಯಾಗಿದ್ರು, ಕೂಟ ನಿಂತು ಸ್ವಲ್ಪ ದಿನಕ್ಕೆ ಮೊದಲು ಹೆಂಗಿದ್ರೋ ಹಂಗೇ ಆದ್ರು. ಇನ್ನು ಕೆಲವು ಕಡೆ ಜನ ಬರೋದೇ ಬಿಟ್ರು. ಹಾಕಿದ ದುಡ್ಡು ದಂಡ ಅಂತ ಆ ಹುಡುಗಿ ಸಮಾಧಾನವಾಗೇ ಹೇಳಿದ್ಲು. ಚಂದ್ರಶೇಖರ್ ಸರ್, ಅದೇ ನಮ್ಮ ಟ್ರಸ್ಟಿನ ಮುಖ್ಯಸ್ಥರು, ಅವರ ಮುಖ ನೋಡೋ ಹಾಗಿರ್ಲಿಲ್ಲ.

ಆಮೇಲೆ ಅವಳು ಅಂದ್ಲು, "ಮೂರು ಹಳ್ಳಿ ಮಾತ್ರ ಬೇರೆ ಥರ ಇದೆ. ಉಳವಿ, ಕುಪ್ಪಗಡ್ಡೆ, ಜಡೆ. ಅಲ್ಲಿ ಜನ ಸುಧಾರಿಸಿದ್ದು ಹಾಗೇ ನಿಂತಿದೆ. ಇನ್ನೂ ಜಾಸ್ತಿ ಆಗಿದೆ. ಆ ಮೂರು ಹಳ್ಳಿ ಥರ ಎಲ್ಲಾ ಕಡೆ ನಡೆಸಿದ್ರೆ ಈ ಕಾರ್ಯಕ್ರಮಕ್ಕೆ ಹಾಕೋ ಒಂದೊಂದು ಪೈಸಾನೂ ಸಾರ್ಥಕ" ಅಂತ.

ನನ್ನ ಹಳ್ಳಿಗಳು. ಮೂರೂ ನನ್ನವೇ.

ಎಲ್ಲರೂ ನನ್ನ ಕಡೆ ತಿರುಗಿದ್ರು. ಚಂದ್ರಶೇಖರ್ ಸರ್ ಎದ್ದು ಬಂದು ಕೈ ಹಿಡ್ಕೊಂಡ್ರು. ನಿಂತುಹೋಗಬೇಕಿದ್ದ ಕಾರ್ಯಕ್ರಮ ಉಳಿಸಿಬಿಟ್ರಿ ಮಾಲತೇಶ್ ಅಂದ್ರು. ಇನ್ನೂ ತಾಲ್ಲೂಕುಗಳಿಗೆ ಹೋಗ್ತಾರಂತೆ. ಇಲ್ಲಿ ಶಿಕಾರಿಪುರಕ್ಕೂ. ಇಲ್ಲಿನ ಉಸ್ತುವಾರಿ ನನಗೇ ಕೊಡ್ತಾರಂತೆ. ನಿನಗೆ ತವರು ಹತ್ರ ಆಗುತ್ತೆ. ಇಲ್ಲೇ ಎಲ್ಲಾದ್ರೂ ಮನೆ ಮಾಡೋಣ. ಸೊರಬದ ಆ ಮನೆ… ಆ ಮನೆ ಬಿಟ್ಟುಬಿಡೋಣ. ಬೇಕಾದ್ರೆ.

ಒಂದು ಮಾತೂ ಆಡಲ್ವಾ? ಗಂಡನಿಗೆ ಒಳ್ಳೇ ಹೆಸರು ಬಂತು ಅಂತ ಒಂದು ಹೂಂ ಆದ್ರೂ?

ಏನು ಮಾಡ್ತೀನಿ ಅಂತಾನಾ ಅಲ್ಲಿ? ನಾನೇನು ಮಾಡ್ತೀನಿ. ಎಲ್ಲರೂ ಮಾಡೋದನ್ನೇ. ಕುಪ್ಪಗಡ್ಡೆಲಿ ಬೆನಕಪ್ಪ ಅಂತ ಒಬ್ಬರಿದ್ದಾರೆ, ವಯಸ್ಸಾದವರು. ಹೆಂಡತಿ ತೀರಿಕೊಂಡ ಮೇಲೆ ಯಾರ ಹತ್ರಾನೂ ಸೇರ್ತಿರ್ಲಿಲ್ಲ. ತಮ್ಮನ ಮಗ ಕೈ ಹಿಡಿದು ಕರ್ಕೊಂಡು ಬಂದು ಕೂರಿಸಿದ. ಅವರ ಸರದಿ ಬಂತು. ಮೂರು ಒಳ್ಳೇದು ಹೇಳಿ ಅಂದೆ. ಹೆಗಲ ಮೇಲಿನ ಟವೆಲ್ ಮಡಚಿ ತೊಡೆ ಮೇಲೆ ಇಟ್ಕೊಂಡ್ರು. ಆಮೇಲೆ, "ಇವತ್ತು ಅನ್ನ ತಳ ಹಿಡೀಲಿಲ್ಲ" ಅಂದ್ರು. ಎರಡನೇದು, ಎಮ್ಮೆ ಒದೀದೆ ಹಾಲು ಕೊಡ್ತು ಅಂದ್ರು. ಮೂರನೇದು ಸಿಗ್ಲಿಲ್ಲ. ತಲೆ ಕೆರ್ಕೊಂಡ್ರು. "ತಡೀರಿ, ಮನೆಗೆ ಹೋಗಿ ಅವಳನ್ನ ಕೇಳ್ಕೊಂಡು ಬರ್ತೀನಿ, ಅವಳಿಗೆ ಎಲ್ಲಾ ನೆನಪಿರುತ್ತೆ" ಅಂತ ಎದ್ದೇಬಿಟ್ರು.

ಬಾಗಿಲ ತನಕ ಹೋದ್ರು. ಅಲ್ಲಿ ನಿಂತ್ರು.

ಅವರು ವಾಪಸ್ ಬಂದು ಕೂತ್ರು. ಪಕ್ಕದಲ್ಲಿದ್ದವರು ಟೀ ಲೋಟ ಅವರ ಕಡೆ ಸರಿಸಿದ್ರು. ಮುಂದಿನ ವಾರದಿಂದ ಯಾರೂ ಕೈ ಹಿಡಿದು ಕರ್ಕೊಂಡು ಬರಬೇಕಾಗ್ಲಿಲ್ಲ, ತಾವೇ ಬಂದ್ರು.

ಸೊಪ್ಪು ಯಾಕೆ ಕೆಳಗಿಟ್ಟೆ? ನಿನಗೆ ನೋವಾಗ್ಲಿ ಅಂತ ಹೇಳಿದ್ದಲ್ಲ ಇದು.

ನಾನೇನು ಹೇಳ್ತೀನಿ ಅಂತಾನಾ? ಹೌದು, ನಾನೂ ಹೇಳಬೇಕು. ನಡೆಸೋನೇ ಮೊದಲು ತನ್ನ ಮೂರು ಒಳ್ಳೇದು ಹೇಳ್ಬೇಕು, ಆಗ ಉಳಿದವರಿಗೆ ಬಾಯಿ ಬರುತ್ತೆ, ಅದು ನಿಯಮ. ಏನೋ ಹೇಳ್ತೀನಿ. ಬಸ್ಸಲ್ಲಿ ಸೀಟು ಸಿಕ್ತು, ಮಳೆ ನಿಂತಿತು… ಅದೂ ಇದೂ. ಬಾಯಿಗೆ ಬಂದಿದ್ದು.

ಧನ್ಯಾನೂ ಅದನ್ನೇ ಕೇಳಿದ್ಲು. "ಸರ್, ಪುಸ್ತಕ ಒಂದೇ, ಟ್ರೇನಿಂಗ್ ಒಂದೇ, ಖರ್ಚೂ ಒಂದೇ. ನಿಮ್ಮಲ್ಲಿ ಏನು ಬೇರೆ?" ಗೊತ್ತಿಲ್ಲಮ್ಮ ಅಂದೆ. ನಾನೇ ಬಂದು ಕೂತು ನೋಡ್ತೀನಿ ಅಂತ ನನ್ನ ಜತೆ ಉಳವಿಗೆ ಬಂದ್ಲು. ಈ ಬುಧವಾರ. ಸಮುದಾಯ ಭವನದಲ್ಲಿ ಒಂದು ಮೂಲೇಲಿ ಕೂತು ಪೂರ್ತಿ ಕೇಳಿಸ್ಕೊಂಡ್ಲು. ಹೊರಗೆ ಬಂದವಳೇ, "ಸಿಕ್ತು ಸರ್" ಅಂದ್ಲು. "ನೀವು ನಿಮ್ಮ ಮನೆ ವಿಷಯ ಅವರ ಹತ್ರ ಹೇಳ್ಕೋತೀರಿ, ಅವರು ಅದಕ್ಕೋಸ್ಕರ ವಾರ ವಾರ ಕಾಯ್ತಾರೆ. ಬರೋದು ಬಿಡಲ್ಲ. ಬಂದವರು ನಗ್ತಾರೆ, ತಮ್ಮದೂ ಹೇಳ್ತಾರೆ. ಇದನ್ನ ಪುಸ್ತಕದಲ್ಲಿ ಸೇರಿಸ್ತೀನಿ. ಎಲ್ಲಾ ತಾಲ್ಲೂಕಿನವರೂ ಹಿಂಗೇ ಮಾಡ್ಲಿ. ಇದಕ್ಕೆ ಒಂದು ರೂಪಾಯೀನೂ ಖರ್ಚಿಲ್ಲ ಸರ್" ಅಂತ. ಒಳ್ಳೇ ಹುಡುಗಿ ಅವಳು. ಕಣ್ಣಲ್ಲಿ ನೀರಿತ್ತು ಅವಳಿಗೆ.

ಮನೆ ವಿಷಯ ಅಂದ್ರೆ… ಏನೋ ಮನೆ ವಿಷಯ ಬಿಡು. ಹಳ್ಳಿ ಜನ, ಮನೆಯವರು ಹೇಗಿದ್ದಾರೆ ಅಂತ ಕೇಳ್ತಾರೆ. ಚೆನ್ನಾಗಿದ್ದಾರೆ ಅಂತೀನಿ. ನೀನು ಮಾಡೋ ಮೆಂತ್ಯ ಸೊಪ್ಪಿನ ಸಾರಿನ ವಿಷಯ ಹೇಳಿದ್ದೆ ಒಂದ್ಸಲ.

ಮುಂದಿನ ಭಾನುವಾರ ಸೊರಬದಲ್ಲಿ ಮೂರು ಹಳ್ಳಿಯವರನ್ನೂ ಸೇರಿಸಿ ಒಂದು ಊಟ ಇಟ್ಕೊಂಡಿದ್ದಾರೆ. ನೀನೂ ಬಂದ್ರೆ… ಅಲ್ಲ, ಬರ್ಲೇಬೇಕು ಅಂತಿಲ್ಲ. ಬರದೇ ಇದ್ರೇನೇ ಒಳ್ಳೇದು ಅನ್ಸುತ್ತೆ. ಜನ ಜಾಸ್ತಿ ಇರ್ತಾರೆ, ನಿನಗೆ ಆಗಲ್ಲ. ಹುಷಾರಿಲ್ಲ ಅಂತ ಹೇಳ್ತೀನಿ.

ಶೃತಿ.

ನೀನು ಇಲ್ಲಿಗೆ ಬಂದ ದಿವ್ಸ, ಸೊರಬದ ಬಸ್ ಸ್ಟ್ಯಾಂಡಲ್ಲಿ ಉಳವಿ ರೋಜಕ್ಕ ಸಿಕ್ಕಿದ್ರಂತೆ ನಿನಗೆ.

ಅವರೇ ಹೇಳಿದ್ರು ಬುಧವಾರ. ನಿಮ್ಮ ಮನೆಯವರು ಸಿಕ್ಕಿದ್ರು ಸರ್, ನಿಮ್ಮ ಮೊಬೈಲ್ ಫೋಟೋದಲ್ಲಿ ನೋಡಿದ್ನಲ್ಲ, ನಾನೇ ಗುರುತು ಹಿಡಿದು ಮಾತಾಡಿಸ್ದೆ ಅಂತ. ನೀನು ಬೆಳಿಗ್ಗೆ ನನಗೆ ಹೇಳಿ ಹೊರಟಿದ್ದು ಏನು? ಅಮ್ಮನ ನೋಡ್ಕೊಂಡು ಸಾಯಂಕಾಲ ಬರ್ತೀನಿ ಅಂತ. ಒಂದು ಕೈಚೀಲ ಬಿಟ್ಟು ಏನೂ ತಂದಿರ್ಲಿಲ್ಲ ನೀನು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಇಲ್ಲಿ ಬಂದು ಇಳಿಯೋ ಹೊತ್ತಿಗೆ ನಿನ್ನ ಮಾತು ನಿಂತುಹೋಗಿತ್ತು.

ಏನು ಕೇಳಿದ್ರು ರೋಜಕ್ಕ? ಅವರಿಗೆ ಏನೋ ತಪ್ಪು ತಿಳುವಳಿಕೆ ಆಗಿರ್ಬೇಕು. ಒಂದು ಹೇಳಿದ್ರೆ ಒಂದು ಕೇಳಿಸ್ಕೋತಾರೆ ಅವರು. ಯಾರದ್ದೋ ವಿಷಯಕ್ಕೆ ಇನ್ಯಾರದ್ದೋ ಸೇರಿಸಿ…

ನೀನು ಬಯ್ಯಿ. ಬೇಕಾದ್ರೆ ಎದ್ದು ಒಳಗೆ ಹೋಗು. ಹೀಗೆ ಸುಮ್ನೆ ನನ್ನನ್ನೇ ನೋಡ್ತಾ ಕೂರ್ಬೇಡ ಶೃತಿ. ನೀನು ಹಿಂಗೆ ನೋಡಿದ್ರೆ ನನ್ನ ಬಾಯಲ್ಲಿ ಸುಳ್ಳು ನಿಲ್ಲಲ್ಲ.

ತಪ್ಪು ತಿಳ್ಕೊಂಡಿಲ್ಲ ಅವರು. ನಾನು ಹೇಳಿದ್ದನ್ನೇ ತಿಳ್ಕೊಂಡಿದ್ದಾರೆ.

ಮೊದಲನೇ ಸಲ ಉಳವಿಗೆ ಹೋದ ದಿವ್ಸ. ನಾನಾಗಿ ಶುರು ಮಾಡ್ಲಿಲ್ಲ, ನಿನ್ನಾಣೆ. ರೋಜಕ್ಕ ಒಂದು ಕಂಬಕ್ಕೆ ಒರಗಿ ಕೂತಿದ್ರು. ಅವರಿಗೆ ಮಕ್ಕಳಿಲ್ಲ. ಊರಲ್ಲಿ ಒಂದು ನಾಮಕರಣಕ್ಕೂ ಅವರನ್ನ ಕರೀತಿರ್ಲಿಲ್ಲವಂತೆ, ಅವರೂ ಮನೆ ಬಿಟ್ಟು ಹೊರಗೆ ಬರ್ತಿರ್ಲಿಲ್ಲ. ಆವತ್ತು ಎಲ್ಲರೂ ಸುಮ್ನೆ ಕೂತಿದ್ದಾಗ ಅವರು ತಲೆ ಎತ್ತಿ, "ಸರ್, ನಿಮಗೆ ಮಕ್ಕಳೆಷ್ಟು?" ಅಂದ್ರು. ಒಬ್ಬಳು ಮಗಳು ಅಂದೆ. ಅದು ಸುಳ್ಳಲ್ಲ. ಅಲ್ಲಿಗೆ ನಿಲ್ಲಬಹುದಿತ್ತು. "ಏನು ಓದ್ತಾಳೆ?" ಅಂದ್ರು.

ಒಂದನೇ ಕ್ಲಾಸು ಅಂದೆ.

ಡೆಂಗ್ಯೂ ಬಂದು ಹೋಗದೇ ಇದ್ದಿದ್ರೆ ಒಂದನೇ ಕ್ಲಾಸೇ ಅಲ್ವಾ ಆಗ. ಸ್ಕೂಲು ಶುರುವಾಗೋಕೆ ಇನ್ನೇನು ವಾರ ಇತ್ತು, ನಾವು ಅವಳನ್ನ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದಾಗ. ಹೆಸರೂ ಕೇಳಿದ್ರು. ನಯನ ಅಂದೆ. ಅವಳು ಹೋದಮೇಲೆ ಆ ಹೆಸರು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ಹೆಂಗಸರೆಲ್ಲ ಒಬ್ಬರಿಗೊಬ್ಬರು ಹೇಳ್ಕೊಂಡ್ರು, ನಯನ ಅಂತೆ, ನಯನ, ಚೆನ್ನಾಗಿದೆ ಅಂತ. ನಂಗೆ… ನಂಗೆ ಅಲ್ಲೇ ಕೂತ್ಕೊಂಡು ಕೇಳ್ತಾನೇ ಇರೋಣ ಅನ್ನಿಸ್ತು.

ಮುಂದಿನ ವಾರ ಹೋದಾಗ ಟೀ ಕುಡಿಯೋಕೆ ಮುಂಚೆ ಕೇಳಿದ್ರು, ನಯನ ಹೇಗಿದ್ದಾಳೆ ಸರ್ ಅಂತ. ಚೆನ್ನಾಗಿದ್ದಾಳೆ ಅಂದೆ. ನಾನೇ ಮೊದಲು ಮೂರು ಒಳ್ಳೇದು ಹೇಳ್ಬೇಕಲ್ಲ. ನನ್ನ ಹತ್ರ ಬೇರೆ ಏನಿತ್ತು ಹೇಳು ಒಳ್ಳೇದು ಅನ್ನೋದು? ಅವಳದ್ದೇ ಹೇಳ್ದೆ. ಬಸ್ಸಲ್ಲಿ ಹೋಗ್ತಾ ಕಿಟಕಿ ಪಕ್ಕ ಕೂತು ಯೋಚನೆ ಮಾಡ್ಕೊಂಡು ಹೋಗ್ತಿದ್ದೆ, ಈ ವಾರ ಅವಳು ಏನು ಮಾಡಿರ್ತಾಳೆ ಅಂತ. ಬೆಳಿಗ್ಗೆ ಎದ್ದು ಆ ಬಸ್ಸು ಹತ್ತೋಕೆ ನಂಗೆ ಮನಸ್ಸಾಗ್ತಿತ್ತು ಶೃತಿ. ಧನ್ಯಾ ಎಲ್ಲರನ್ನೂ ಕೇಳಿದ್ಲಲ್ಲ, ಬೆಳಿಗ್ಗೆ ಏಳೋಕೆ ಮನಸ್ಸಾಗುತ್ತಾ ಅಂತ, ನನ್ನನ್ನ ಕೇಳಿದ್ರೂ ಹೂಂ ಅಂತಿದ್ದೆ.

ಅವರೂ ಅವಳನ್ನ ಬಿಡ್ಲಿಲ್ಲ. ಅವಳಿಗೆ ಕೆಮ್ಮು ಅಂದ್ರೆ ಒಬ್ಬರು ದೊಡ್ಡಪತ್ರೆ ರಸ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ, ಅದಕ್ಕೇ ಅರ್ಧ ಗಂಟೆ ಜಗಳ. ಜಡೆಗೂ ಸುದ್ದಿ ಹೋಯ್ತು, ಕುಪ್ಪಗಡ್ಡೆಗೂ ಹೋಯ್ತು. ಬೆನಕಪ್ಪನವರು ಅವಳಿಗೆ ಅಂತ ಒಂದು ಲೋಟ ಗಿಣ್ಣು ಕಟ್ಟಿಕೊಟ್ರು. ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ. ಮನೆ ತನಕ ತರೋಕೆ ಧೈರ್ಯ ಆಗ್ಲಿಲ್ಲ. ಬಸ್ ಸ್ಟ್ಯಾಂಡ್ ಹಿಂದೆ ನಿಂತು ನಾನೇ ತಿಂದೆ.

ರೋಜಕ್ಕ ಉಲ್ಲನ್ ಟೋಪಿ ಹೆಣೀತೀನಿ ಅಂದ್ರು. ಚಳಿ ಬರ್ತಿದೆ, ಮಗೂಗೆ ಅಂತ. ತಲೆ ಅಳತೆ ಎಷ್ಟು ಸರ್ ಅಂದ್ರು. ನಾನು ಕೈಯಲ್ಲಿ ತೋರಿಸ್ದೆ, ಇಷ್ಟು ಅಂತ. ತೋರಿಸಿದ ಮೇಲೆ ಹೊಳೀತು, ಅದು ಅವಳ ಹಳೇ ಅಳತೆ ಅಂತ. ಬೆಳೆದಿರ್ತಾಳೆ ಅಲ್ವಾ. ಸ್ವಲ್ಪ ದೊಡ್ಡದು ಮಾಡಿ ಅಂದೆ. ಎಷ್ಟು ದೊಡ್ಡದು ಮಾಡ್ಬೇಕು ಅಂತ ಹೇಳೋಕೆ ನಂಗೆ ಗೊತ್ತಾಗ್ಲಿಲ್ಲ. ಟೋಪಿ ಆಫೀಸಿನ ಡ್ರಾಯರಲ್ಲಿ ಇದೆ.

ಮಳೆಗಾಲದಲ್ಲಿ ಮುಂದಿನ ಹಲ್ಲು ಬಿತ್ತು ಅಂತ ಹೇಳಿದ್ದೆ. ಸಗಣೀಲಿ ಇಟ್ಟು ಹೆಂಚಿನ ಮೇಲೆ ಎಸೆದ್ವಿ ಅಂತ. ರೋಜಕ್ಕ ವಾರ ವಾರ ಕೇಳ್ತಿದ್ರು, ಹೊಸ ಹಲ್ಲು ಬಂತಾ, ಬಂತಾ ಅಂತ. ಇನ್ನೂ ಇಲ್ಲ ಅಂತಿದ್ದೆ. ಆವತ್ತು ಬಸ್ ಸ್ಟ್ಯಾಂಡಲ್ಲಿ ನಿನ್ನ ಕೈ ಹಿಡ್ಕೊಂಡು ಅದನ್ನೇ ಕೇಳಿದ್ರಂತೆ. "ಮಗಳನ್ನ ಕರ್ಕೊಂಡು ಬರ್ಲಿಲ್ವಾ? ಹಲ್ಲು ಬಂತಾ ನಯನಂಗೆ?"

ನೀನು ಹೇಳಬಹುದಿತ್ತು. ಅಲ್ಲೇ, ಆ ಜನದ ಮಧ್ಯೆ, ನನ್ನ ಮಾನ ಕಳೀಬಹುದಿತ್ತು. ನನಗೆ ಮಗಳಿಲ್ಲಮ್ಮ, ಸತ್ತುಹೋದ್ಲು, ನನ್ನ ಗಂಡ ಸುಳ್ಳ ಅಂತ.

ಬಂತು ಅಂದ್ಯಂತೆ.

"ಬಂತು, ಸ್ವಲ್ಪ ಸೊಟ್ಟ ಬಂದಿದೆ" ಅಂದ್ಯಂತೆ.

ರೋಜಕ್ಕ ನನಗೆ ಸಮಾಧಾನ ಹೇಳಿದ್ರು. ಸೊಟ್ಟ ಬಂದಿದ್ರೆ ಚಿಂತೆ ಮಾಡ್ಬೇಡಿ ಸರ್, ದಿನಾ ನಾಲಿಗೆಯಿಂದ ಒತ್ತೋಕೆ ಹೇಳಿ, ನೇರ ಆಗುತ್ತೆ ಅಂತ. ಧನ್ಯಾ ಪಕ್ಕದಲ್ಲೇ ನಿಂತು ನಗ್ತಾ ಕೇಳಿಸ್ಕೊಳ್ತಾ ಇದ್ಲು. ನಾನು ಹೂಂ ಅಂದೆ. ಸೊಟ್ಟ ಅಂತ ನಾನು ಯಾವತ್ತೂ ಹೇಳಿರ್ಲಿಲ್ಲ ಶೃತಿ. ಅದು ನೀನು ಸೇರಿಸಿದ್ದು.

ಅಳು. ಅಳು, ನಾನು ಬೇಡ ಅನ್ನಲ್ಲ. ಈ ಸಲ ಎದ್ದು ಹೋಗಲ್ಲ ನಾನು.

ನಾನು ಬಸ್ಸಲ್ಲಿ ಬರ್ತಾ ಅಂದ್ಕೊಂಡೆ, ಸುಳ್ಳು ಹೇಳಿದ್ದಕ್ಕೆ ನಿನಗೆ ಸಿಟ್ಟು, ಸತ್ತ ಮಗೂನ ಮುಂದಿಟ್ಕೊಂಡು ಹೆಸರು ಸಂಪಾದಿಸಿದ ಅಂತ ಹೇಸಿಗೆ ಆಗಿರ್ಬೇಕು, ಅದಕ್ಕೇ ಮಾತು ಬಿಟ್ಟಿದ್ದಾಳೆ ಅಂತ. ಅದಕ್ಕೇ ಇದೆಲ್ಲ ಮುಚ್ಚಿಟ್ಟು ಮನೆ ಮಾಡೋಣ, ಉಸ್ತುವಾರಿ ಅಂತೆಲ್ಲ ಏನೇನೋ ಹೇಳ್ದೆ. ಅದಲ್ಲ ಅಲ್ವಾ?

ಮನೇಲಿ ನೀನು ಅವಳ ಮಾತು ತೆಗೆದಾಗೆಲ್ಲ ನಾನು ಏನು ಮಾಡ್ತಿದ್ದೆ. ಟಿವಿ ಜೋರು ಮಾಡ್ತಿದ್ದೆ. ಸ್ನಾನಕ್ಕೆ ಹೋಗ್ತಿದ್ದೆ. ಒಂದ್ಸಲ ನೇರವಾಗೇ ಹೇಳಿದೆ ನಿನಗೆ, ಆಗಿದ್ದು ಆಗಿಹೋಯ್ತು, ಒಳ್ಳೇದನ್ನ ಯೋಚನೆ ಮಾಡು ಅಂತ. ನೀನು ಹೇಳೋದು ನಿಲ್ಲಿಸಿಬಿಟ್ಟೆ. ಅದೇ ನಾನು ಬಸ್ಸು ಹತ್ಕೊಂಡು ಹೋಗಿ ಊರಿನವರಿಗೆಲ್ಲ ಅವಳನ್ನ ಹಂಚಿ ಬರ್ತಿದ್ದೆ. ಅವಳಿಗೆ ಕೆಮ್ಮು ಬಂದಿದ್ದು ಉಳವಿಯವರಿಗೆ ಗೊತ್ತು. ಹಲ್ಲು ಬಿದ್ದಿದ್ದು ಜಡೆಯವರಿಗೆ ಗೊತ್ತು. ಹೆತ್ತವಳಿಗೆ ಗೊತ್ತಿಲ್ಲ. ಯಾರೋ ಬಸ್ ಸ್ಟ್ಯಾಂಡಲ್ಲಿ ಕೇಳಿದ ಮೇಲೆ ನಿನಗೆ ಗೊತ್ತಾಯ್ತು, ನಿನ್ನ ಮಗಳಿಗೆ ಹಲ್ಲು ಬಿದ್ದಿದೆ ಅಂತ.

ಖರ್ಚಿಲ್ಲ ಸರ್ ಇದಕ್ಕೆ, ಅಂದ್ಲು ಆ ಹುಡುಗಿ. ಅವಳಿಗೇನು ಗೊತ್ತು ಪಾಪ. ತಕ್ಕಡೀಲಿ ನಿನ್ನನ್ನ ಇಡಬೇಕು ಅಂತ ಅವಳಿಗೆ ಯಾರು ಹೇಳಬೇಕಿತ್ತು?

ಬರೋ ಬುಧವಾರ ಹೋಗಿ ಹೇಳ್ತೀನಿ. ಊಟದ ದಿವ್ಸದ ತನಕ ಬಿಡಲ್ಲ. ಉಳವಿಗೆ ಮೊದಲು, ಆಮೇಲೆ ಆ ಎರಡು ಊರಿಗೆ, ಧನ್ಯಾಗೆ, ಚಂದ್ರಶೇಖರ್ ಸರ್‌ಗೆ. ಕಾರ್ಯಕ್ರಮ ಉಳಿಯುತ್ತೋ ಹೋಗುತ್ತೋ ಗೊತ್ತಿಲ್ಲ. ಕೆಲಸ ಹೋಗುತ್ತೆ, ಅದು ಖಂಡಿತ. ಅದರ ಭಯ ಇಲ್ಲ ನಂಗೆ. ರೋಜಕ್ಕ ಮತ್ತೆ ಮನೆ ಒಳಗೆ ಸೇರ್ಕೊಂಡ್ರೆ ಏನು ಮಾಡ್ಲಿ ಅಂತ ಭಯ. ಇನ್ನೊಂದು… ಅವರಿಗೆ ಹೇಳಿದ ದಿವ್ಸ ಅಲ್ಲೂ ಹೋಗಿಬಿಡ್ತಾಳೆ ಅವಳು. ಅವಳು ಹೇಗಿದ್ದಾಳೆ ಅಂತ ಕೇಳೋರು ಇನ್ನೆಲ್ಲೂ ಇರಲ್ಲ ನಮಗೆ. ಅದಕ್ಕೇ ಇಷ್ಟು ದಿನ ಬಾಯಿ ಬರ್ಲಿಲ್ಲ.

ಏನು?

ಯಾಕೆ ಇಲ್ಲಿ ಬಂದು ಕೂತೆ? ಏನು ಬೇಕು ಹೇಳು. ನೀರು ತರ್ಲಾ? ಬೇಡವಾ.

ಏನು ಶೃತಿ, ಮತ್ತೆ ಯಾಕೆ ಹಾಗೆ ನೋಡ್ತೀಯ… ನಾನು ಹೇಳಬೇಕಾ?

ಅಲ್ಲಿ ಹೇಳಿದ್ದೆಲ್ಲಾನೂ? ಮೊದಲಿಂದ?

ಅದೆಲ್ಲ ನಾನು ಕಟ್ಟಿದ್ದು ಕಣೇ. ಒಂದೂ ನಡೆದಿದ್ದಲ್ಲ. ನಿನಗೆ ಗೊತ್ತಲ್ಲ. ಗೊತ್ತಿದ್ದೂ ಬೇಕಾ?

ಸರಿ. ಹೇಳ್ತೀನಿ. ನೀನು ಒರಗಿ ಕೂತ್ಕೋ.

ಜೂನ್ ತಿಂಗಳು. ಬೆಳಿಗ್ಗೆ ಸಣ್ಣಗೆ ಹನೀತಿತ್ತು. ನೀನು ಎಣ್ಣೆ ಜಾಸ್ತಿ ಹಾಕಿ ಎರಡು ಜಡೆ ಕಟ್ಟಿ ಕಳಿಸಿದ್ದೆ, ಕಿವಿ ಹತ್ರ ಎಣ್ಣೆ ಇಳೀತಿತ್ತು. ದಾರಿ ಉದ್ದಕ್ಕೂ ಮಾತೇ ಮಾತು. ಸ್ಕೂಲಲ್ಲಿ ಬೆಕ್ಕು ಇರುತ್ತಾ ಅಪ್ಪ, ಟೀಚರ್‌ಗೆ ಅಮ್ಮ ಇರ್ತಾರಾ ಅಪ್ಪ ಅಂತ. ಗೇಟ್ ತನಕ ಚೆನ್ನಾಗೇ ಬಂದ್ಲು. ಒಳಗೆ ಮಕ್ಕಳು ಅಳೋದು ಕೇಳಿಸ್ತಲ್ಲ, ಅಲ್ಲೇ ನಿಂತುಬಿಟ್ಲು. ನನ್ನ ಬೆರಳು ಹಿಡ್ಕೊಂಡ್ಲು, ಈ ಬೆರಳು…

ಇದಲ್ವಾ?

ಹೌದು. ಹೌದು ಕಣೇ, ನೀನು ಹಿಡ್ಕೊಂಡಿರೋದೇ. ಕಿರುಬೆರಳು. ಅವಳು ಯಾವಾಗ್ಲೂ ಕಿರುಬೆರಳೇ ಹಿಡ್ಕೋತಿದ್ದದ್ದು, ನಾನು ಉಳವೀಲಿ ತಪ್ಪು ಹೇಳಿದ್ದೆ. ಕಿರುಬೆರಳು ಹಿಡ್ಕೊಂಡು ನಿಂತ್ಲು. ಟೀಚರ್ ಬಂದು ಕರೆದ್ರು, ಬಾ ಪುಟ್ಟಿ ಅಂದ್ರು. ಬಿಡ್ಲಿಲ್ಲ. ನಾನೂ ಬಿಡಿಸ್ಲಿಲ್ಲ.